ಲೀಲಮ್ಮ ಸಿಸ್ಟರ್ ನಡೆದು ನೋಡಿದ ಮನೆ

ಲೀಲಮ್ಮ ಸಿಸ್ಟರ್ ಮನೆ ನೋಡುತ್ತಿದ್ದದ್ದು ಕಾಲಿನಿಂದ. ಬೇರೆಯವರು ಬಂದ ಕೂಡಲೇ ನಲ್ಲಿ ತಿರುಗಿಸುತ್ತಾರೆ, ಗೋಡೆಯ ತೇವ ಮುಟ್ಟಿ ನೋಡುತ್ತಾರೆ. ಇವರು ಮೊದಲು ಗೋಣಿಕೊಪ್ಪಲಿನ ಸಂತೆಗೆ ಹೋಗಿ ಎರಡು ಚೀಲದ ತುಂಬ ಗೆಣಸು, ತೆಂಗಿನಕಾಯಿ ತುಂಬಿಸಿಕೊಂಡು, ಅಲ್ಲಿಂದ ಮನೆಯ ಮೆಟ್ಟಿಲವರೆಗೆ ನಡೆದು ಬರುತ್ತಿದ್ದರು. "ಇದು ಆಗಲ್ಲ ಮೋನೆ, ಏರು ಜಾಸ್ತಿ" ಎಂದು ಒಳಗೂ ಇಣುಕದೆ ಹೊರಟುಬಿಡುತ್ತಿದ್ದರು. ಮೋನೆ ಅಂದರೆ ಅವರ ಮಲಯಾಳದಲ್ಲಿ ಮಗ.

ನಾನು ಕುಶಾಲನಗರದ ಕಡೆಯಿಂದ ಬರಿಗೈಲಿ ಬಂದು, ಮೆಣಸಿನ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ಬಾಡಿಗೆ ಮನೆ ಕುದುರಿಸುವುದನ್ನೇ ಕಸುಬು ಮಾಡಿಕೊಂಡವನು. ಮಾಲೀಕ ಬಾಯಿ ಬಿಡುವ ಮೊದಲೇ ಅವನು ಬಾಡಿಗೆಯಲ್ಲಿ ಎಷ್ಟಕ್ಕೆ ಇಳಿಯುತ್ತಾನೆಂದು ಹೇಳಬಲ್ಲೆ. ಸಿಸ್ಟರ್ ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ಅವರು ಪಾಲಿಬೆಟ್ಟದ ಎಸ್ಟೇಟೊಂದರ ಡಿಸ್ಪೆನ್ಸರಿಯಲ್ಲಿ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಮಾಕುಟ್ಟ ದಾಟಿ ಕೇರಳದಲ್ಲಿರುವ ಅಣ್ಣನ ಮನೆಗೆ ಹೋಗಿ ಎಂದು ಎಲ್ಲರೂ ಹೇಳಿದರು. "ಅಲ್ಲಿ ಹೋದ್ರೆ ಯಾರದ್ದೋ ಮನೆಯ ಒಂದು ಮೂಲೆ. ನನಗೆ ಬಾಗಿಲು ಬೇಕು. ನಾನೇ ತೆಗೆಯೋದು, ನಾನೇ ಹಾಕೋದು" ಎಂದರು.

ಆ ಬಾಗಿಲು ಸಂತೆಗೆ ಹತ್ತಿರವೇ ಯಾಕೆ ಇರಬೇಕೆಂದು ಕೊನೆಗೆ ಕೇಳಿಯೇ ಬಿಟ್ಟೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹೆಂಗಸರು ಜೀಪಿನಲ್ಲಿ ಸಂತೆಗೆ ಬಂದರೆ ಜೀಪು ವಾಪಸು ಹೊರಡುವವರೆಗೆ ಅವರಿಗೆ ಕೂರಲು ಜಾಗವಿಲ್ಲ, ಹೋಗಲು ಕಕ್ಕಸಿಲ್ಲ. ಬೆಳಿಗ್ಗೆಯಿಂದ ನೀರೇ ಕುಡಿಯದೆ ಬಿಗಿಹಿಡಿದಿರುತ್ತಾರೆ. ಮರುದಿನ ಉರಿಮೂತ್ರ ಎಂದು ಡಿಸ್ಪೆನ್ಸರಿಗೆ ಬರುತ್ತಾರೆ. "ಇಷ್ಟು ವರ್ಷ ಮಾತ್ರೆ ಕೊಟ್ಟೆ ಮೋನೆ. ಅವ್ರಿಗೆ ಬೇಕಿದ್ದದ್ದು ಮಾತ್ರೆ ಅಲ್ಲ."

ಕೊನೆಗೆ ರಾಯರ ಮಹಡಿ ಸಿಕ್ಕಿತು. ರಾಯರು ನಿವೃತ್ತ ಮೇಷ್ಟ್ರು. ಕೆಳಗೆ ಅವರ ಸಂಸಾರ, ಮೇಲೆ ಒಂದು ಬೆಡ್‌ರೂಮಿನ ಮನೆ. ಸಿಸ್ಟರ್ ಚೀಲ ಹೊತ್ತು ಬಂದು, ಏದುಸಿರಿಲ್ಲದೆ ಮೆಟ್ಟಿಲು ಹತ್ತಿ ತಲೆಯಾಡಿಸಿದರು. ನಾನು ಕುದುರಿಸಲು ಕೂತೆ. ರಾಯರು ನನಗೇ ಆಶ್ಚರ್ಯವಾಗುವಷ್ಟು ಇಳಿದರು. ಆದರೆ ಲೈನಿನ ಹೆಂಗಸರ ವಿಷಯ ಕೇಳಿ, ಸಂತೆ ದಿನ ಜನ ಸೇರಿಸಬಾರದು ಎಂದರು. ನಾನು ಒಪ್ಪಿಕೊಳ್ಳಿ ಎಂದು ಕಣ್ಸನ್ನೆ ಮಾಡಿದೆ.

"ಸಾರ್, ನೀವು ಮೊದಲು ಹೇಳಿದ್ದನ್ನೇ ಪೂರ್ತಿ ಕೊಡ್ತೇನೆ. ಇಳಿಸಿದ್ದು ಬೇಡ. ಸಂತೆ ದಿನ ಬಾಗಿಲು ನನ್ನದು" ಎಂದರು ಸಿಸ್ಟರ್.

"ಲೈನಿನವರೆಲ್ಲ ನಮ್ಮ ಮೆಟ್ಟಿಲು ಹತ್ತೋದು ಅಂದ್ರೆ ಹೇಗಮ್ಮ?"

ರಾಯರ ಕೈಯಲ್ಲಿ ಕಾಫಿ ಲೋಟವಿತ್ತು. ಸಿಸ್ಟರ್ ಅದನ್ನೇ ತೋರಿಸಿದರು. "ಅದನ್ನು ಗಿಡದಿಂದ ಕಿತ್ತವರೇ ಸಾರ್ ಅವರು."

ರಾಯರು ಲೋಟ ಕೆಳಗಿಟ್ಟರು. ಅಡ್ವಾನ್ಸ್ ಯಾವಾಗ ಕೊಡುತ್ತೀರಿ ಎಂದು ಕೇಳಿದರು. ವಾಪಸು ಬರುವ ದಾರಿಯಲ್ಲಿ ಸಿಸ್ಟರ್ ನನಗೂ ಬಿಸಿ ಮುಟ್ಟಿಸಿದರು: "ನೀನು ಇಳಿಸಿದ ಬಾಡಿಗೆಗೆ ನನ್ನ ಬಾಗಿಲನ್ನೇ ಕೊಡ್ಬೇಕಾಗಿತ್ತಲ್ಲ."

ಅಂದಿನಿಂದ ಮನೆ ಹುಡುಕಿ ಬರುವವರಿಗೆಲ್ಲ ನಾನು ಹೇಳುವುದಿಷ್ಟೆ. ನೀರು, ಬಿಸಿಲು ಆಮೇಲೆ, ಮೊದಲು ಭಾರ ಹೊತ್ತು ನಡೆದು ನೋಡಿ. ಮಾಲೀಕರು ಸಲೀಸಾಗಿ ಇಳಿದರೆ, ಬದಲಿಗೆ ಏನು ಕೇಳುತ್ತಿದ್ದಾರೆಂದು ನೋಡಿ.

ಸಂತೆ ದಿನ ಆ ಮಹಡಿ ನೋಡಬೇಕಿತ್ತು. ಮೆಟ್ಟಿಲ ತುಂಬ ಚಪ್ಪಲಿ, ಗೋಡೆಗೊರಗಿದ ಚೀಲಗಳು, ದೊಡ್ಡ ಪಾತ್ರೆಯಲ್ಲಿ ಹಾಲಿಲ್ಲದ ಕಟ್ಟನ್ ಚಾ, ಕಕ್ಕಸಿನ ಮುಂದೆ ನಗುವ ಸಾಲು. ಒಮ್ಮೆ ಯಾರದ್ದೋ ಕೋಳಿ ತಪ್ಪಿಸಿಕೊಂಡು ರಾಯರ ದೇವರಮನೆಗೇ ನುಗ್ಗಿತು. ರಾಯರು ಮನೆ ಖಾಲಿ ಮಾಡಿ ಎಂದರು. "ಬಾಡಿಗೆ ಬಂದಿದೆಯಲ್ಲ ಸಾರ್. ತಿಂಗಳು ಮುಗೀಲಿ, ಮಾತಾಡುವ" ಎಂದರು ಸಿಸ್ಟರ್. ತಿಂಗಳು ಮುಗಿಯುವ ಮೊದಲೇ ಮುಂದಿನ ತಿಂಗಳದ್ದು ಕೊಟ್ಟುಬಿಡುತ್ತಿದ್ದರು. ಹಾಗಾಗಿ ಆ ಮಾತು ಬರಲೇ ಇಲ್ಲ.

ಈ ಮಳೆಗಾಲದಲ್ಲಿ ಸಿಸ್ಟರ್ ಜ್ವರ ಬಂದು ತೀರಿಕೊಂಡರು. ರಾಯರು ಬೀಗದ ಕೈ ನನ್ನ ಕೈಗಿಟ್ಟು, ಈ ಸಲ ಗಲಾಟೆಯಿಲ್ಲದವರನ್ನು ನೋಡು ಎಂದರು. ಒಬ್ಬ ಬ್ಯಾಂಕ್ ನೌಕರರಿಗೆ ಮನೆ ತೋರಿಸಲು ಹೋದೆ. ಅಂದು ಸಂತೆ. ಮೆಟ್ಟಿಲ ಮೇಲೆ ಹೆಂಗಸರು ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಿಸ್ಟರ್ ಇಲ್ಲವೆಂದು ಅವರಿಗೆ ಗೊತ್ತು. ಬೇರೆಲ್ಲಿ ಹೋಗುವುದೆಂದು ಗೊತ್ತಿಲ್ಲ.

ಬ್ಯಾಂಕಿನವರಿಗೆ ಬೇರೆ ಮನೆ ತೋರಿಸುತ್ತೇನೆಂದು ಹೇಳಿ ಬೀಗ ತೆಗೆದೆ. ರಾಯರು ಹೊರಗೆ ಬಂದು ಏನಿದು ಎಂದರು.

"ತಿಂಗಳು ಮುಗಿದಿಲ್ಲ ಸಾರ್. ಬಾಡಿಗೆ ಬಂದಿದೆ."

ಮುಂದಿನ ತಿಂಗಳಿನ ಬಾಡಿಗೆಯ ಮಾತಿಗೆ ನಾಳೆ ನಾನೇ ರಾಯರ ಬಳಿ ಹೋಗುತ್ತೇನೆ. ಇಳಿಸಿ ಎಂದು ಕೇಳುವುದಿಲ್ಲ.