ಮೊಳೆಗೆ ತೂಗುಹಾಕಿದ ಎದೆಯುರಿ

ಮೇಸ್ತ್ರಿ ನೆಲಕ್ಕೆ ಮಂಡಿಯೂರುವ ಮುನ್ನ ಸೊಂಟ, ಜೇಬು, ಮಣಿಕಟ್ಟು ಎಲ್ಲವನ್ನೂ ಬರಿದು ಮಾಡಿಕೊಳ್ಳುತ್ತಾನೆ. ಗೋಡೆಯಲ್ಲಿ ಒಂದು ಮೊಳೆ ಬೇಕು. ಕೈಗಡಿಯಾರ, ಫೋನು, ಬೀಗದ ಕೈ, ಬೆಲ್ಟು, ಎಲ್ಲ ಆ ಮೊಳೆಗೆ ಹೋದ ಮೇಲೆಯೇ ಮೊದಲ ಟೈಲ್ಸಿಗೆ ಕೈಹಾಕುವುದು. ಸೊಂಟದಲ್ಲಿ ಗಟ್ಟಿಯಾದದ್ದೇನಾದರೂ ಇದ್ದರೆ ಬಗ್ಗಿದಾಗ ಜಾರಿ ಬಿದ್ದು ಟೈಲ್ಸಿನ ಅಂಚು ಒಡೆಯುತ್ತದೆ. ಗಾರೆಯ ನೀರು ಗಡಿಯಾರವನ್ನು ಕೆಡಿಸುತ್ತದೆ. ಇದು ಅವನ ತಂದೆ ಕಲಿಸಿದ ಮೊದಲ ಪಾಠ. ನಮ್ಮ ಮನೆಯ ನಡುಕೋಣೆಯ ನೆಲ ಕುಸಿದು ಅವನನ್ನು ಕರೆಸಿದಾಗ, ಹೊಸ ಮೊಳೆ ಹೊಡೆಯಲು ನಾನು ಬಿಡಲಿಲ್ಲ. ಕಿಟಕಿಯ ಚೌಕಟ್ಟಿನಲ್ಲಿದ್ದ ಹಳೆಯದೊಂದನ್ನು ತೋರಿಸಿದೆ. ಎಳೆದು ನೋಡಿ, ಭಾರ ತಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಒಪ್ಪಿಕೊಂಡ.

ತಂದೆಯೂ ನೆಲ ಹಾಸುವ ಕೆಲಸದವನೇ. ಯಾವುದೋ ಕಚೇರಿಯ ಮೊಗಸಾಲೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಬಗ್ಗಿದವನು, ‘ಎದೆ ಉರೀತಿದೆ, ನೀರು ಕೊಡು’ ಎಂದ. ಮಗ ನೀರು ತರುವಷ್ಟರಲ್ಲಿ ಹಸಿ ಗಾರೆಯ ಮೇಲೆ ಅಂಗೈ ಊರಿಕೊಂಡು ಒಂದು ಪಕ್ಕಕ್ಕೆ ಒರಗಿದ್ದ. ಮತ್ತೆ ಏಳಲಿಲ್ಲ.

ಈಗ ಮೇಸ್ತ್ರಿಗೆ ಹೆಚ್ಚುಕಡಿಮೆ ತಂದೆಯ ಆಗಿನ ವಯಸ್ಸು. ಒಂದು ವರ್ಷದಿಂದ ಅವನಿಗೂ ಬಗ್ಗಿದಾಗ ಎದೆ ಉರಿಯುತ್ತಿತ್ತು. ಹೃದಯದ ಪರೀಕ್ಷೆ ಎರಡು ಸಲ ಆಯಿತು. ಏನೂ ಇಲ್ಲವೆಂದರು. ನಂಬಲಿಲ್ಲ. ಹೊಟ್ಟೆಗೆ ಮಾತ್ರೆ ಕೊಟ್ಟರು. ಉರಿ ಅರ್ಧ ನಿಂತಿತು, ಅರ್ಧ ಉಳಿಯಿತು. ಆ ಉಳಿದ ಅರ್ಧವೇ ಅವನನ್ನು ತಿನ್ನುತ್ತಿತ್ತು. ಅಷ್ಟರಲ್ಲಿ ಟೈಲ್ಸ್ ಅಂಗಡಿಯ ಮಾಲೀಕ, ‘ಬಂದು ಕುರ್ಚಿ ಮೇಲೆ ಕೂತು ಗಿರಾಕಿಗಳಿಗೆ ಮಾಲು ತೋರ್ಸು, ಬಗ್ಗೋ ಕೆಲಸ ಸಾಕು’ ಎಂದು ಕರೆದಿದ್ದ. ಆ ವಾರ ಕಳೆಯುವುದರೊಳಗೆ ಉತ್ತರ ಹೇಳಬೇಕಿತ್ತು. ಮೇಸ್ತ್ರಿಗೆ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಕೆಲಸದ ಮೇಲೆ ಆಸೆಯೂ ಇಲ್ಲ. ಆದರೆ ತಂದೆಯ ಹಾಗೆ ಗಾರೆಯ ಮೇಲೆ ಸಾಯುವುದೂ ಬೇಕಿರಲಿಲ್ಲ.

ಹೊಟ್ಟೆಯ ಡಾಕ್ಟರ ಮುಂದೆ ಅವನು ಹೇಳಿದ್ದನ್ನು ಆಮೇಲೆ ಅವನ ಹೆಂಡತಿ ನನಗೆ ವರದಿ ಮಾಡಿದಳು. ‘ಮಲಗಿಸಿ ನೋಡಿದ್ರು ಸಾರ್, ಓಡಿಸಿ ನೋಡಿದ್ರು. ನಾನು ಮಲಗೋ ಕೆಲಸಾನೂ ಮಾಡಲ್ಲ, ಓಡೋ ಕೆಲಸಾನೂ ಮಾಡಲ್ಲ. ನಾನು ಬಗ್ಗೋನು.’

‘ಸರಿ ಬಿಡಿ, ನಿಮ್ಮ ಜೊತೇಲೇ ಬಗ್ಗೋ ಪರೀಕ್ಷೆ ಒಂದಿದೆ, ಅದನ್ನೇ ಮಾಡೋಣ’ ಎಂದರಂತೆ ಡಾಕ್ಟರು.

ಆ ಪರೀಕ್ಷೆ ಹೀಗೆ. ಬಾಯಿಯ ಮೂಲಕ ಕೊಳವೆ ಇಳಿಸಿ, ಮಾತ್ರೆಯಷ್ಟೇ ದೊಡ್ಡದಾದ ಒಂದು ಸಾಧನವನ್ನು ಅನ್ನನಾಳದ ಒಳಗೋಡೆಗೆ ಅಂಟಿಸಿಬಿಡುತ್ತಾರೆ. ಕೊಳವೆ ಹೊರಗೆ ಬರುತ್ತದೆ, ಸಾಧನ ಒಳಗೆ ಉಳಿಯುತ್ತದೆ. ಮೂಗಿನಿಂದ ತಂತಿ ಜೋತಾಡುವುದಿಲ್ಲ. ಹೊಟ್ಟೆಯ ಆಮ್ಲ ಮೇಲೇರಿದಾಗಲೆಲ್ಲ ಅದು ಸೊಂಟಕ್ಕೆ ಕಟ್ಟಿದ ಒಂದು ಡಬ್ಬಿಗೆ ತಂತಿಯಿಲ್ಲದೆಯೇ ಸುದ್ದಿ ಮುಟ್ಟಿಸುತ್ತದೆ. ರೋಗಿ ಮಾಡಬೇಕಾದ್ದು ಇಷ್ಟೆ: ಎದೆ ಉರಿದಾಗ ಡಬ್ಬಿಯ ಗುಂಡಿ ಒತ್ತುವುದು. ಆಮ್ಲ ಏರಿದ್ದೂ ಗುಂಡಿ ಒತ್ತಿದ್ದೂ ಒಂದೇ ಹೊತ್ತಿನಲ್ಲಿ ಕೂಡಿಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಮಾತ್ರೆಗಳನ್ನು ಮೊದಲೇ ನಿಲ್ಲಿಸಿದ್ದರು. ಊಟ, ನಿದ್ದೆ, ಕೆಲಸ ಯಾವತ್ತಿನಂತೆಯೇ ಇರಬೇಕು. ಡಬ್ಬಿ ಮೈಯಿಂದ ಕೈಯಳತೆಗಿಂತ ದೂರ ಹೋಗಬಾರದು, ಹೋದರೆ ಕುಂಯ್‌ಗುಟ್ಟುತ್ತದೆ. ನಾಲ್ಕು ದಿನವಾದ ಮೇಲೆ ತಂದುಕೊಡಬೇಕು ಎಂದು ನರ್ಸು ಹೇಳಿ ಕಳಿಸಿದಳು.

ಪರೀಕ್ಷೆಯ ದಿನ ಜೊತೆಗೆ ಹೋಗಿದ್ದವನು ಮೇಸ್ತ್ರಿಯ ಭಾವಮೈದ, ಹೆಂಡತಿಯ ತಮ್ಮ. ಟೈಲ್ಸ್ ಕತ್ತರಿಸುವ ಯಂತ್ರ ಅವನ ಕೈಯಲ್ಲಿ. ಬಾಯಿ ಯಾರ ಕೈಯಲ್ಲೂ ಇಲ್ಲ.

‘ಸಿಸ್ಟರ್, ಒಳಗಡೆ ಇರೋದನ್ನೂ ತಂದ್ಕೊಡಬೇಕಾ?’ ಎಂದು ಕೇಳಿದನಂತೆ.

‘ಡಬ್ಬಿ ತನ್ನಿ ಸಾಕು. ಅದು ತಾನಾಗೇ ಕಳಚ್ಕೊಂಡು ಹೊಟ್ಟೆ ದಾರೀಲಿ ಹೋಗತ್ತೆ. ಹುಡುಕ್ತಾ ಕೂರಬೇಡಿ.’

ಮರುದಿನ ನಮ್ಮ ಮನೆಯಲ್ಲಿ ಕೆಲಸ ಶುರುವಾಯಿತು. ಮೇಸ್ತ್ರಿ ಹುರಿ ಎಳೆದ, ರಸಮಟ್ಟ ಇಟ್ಟು ನೋಡಿದ, ಸೊಂಟದ ವಸ್ತುಗಳನ್ನೆಲ್ಲ ಬಿಚ್ಚಿ ಮೊಳೆಗೆ ಹಾಕಿ ಕೂತ. ಬೆಲ್ಟಿನ ಜೊತೆ ಡಬ್ಬಿಯೂ ಹೋಯಿತು. ನಾನು ಅದನ್ನು ರೇಡಿಯೋ ಎಂದುಕೊಂಡೆ. ಮಂಡಿಗೂ ಮೊಳೆಗೂ ನಡುವೆ ಇಡೀ ಕೋಣೆಯಿತ್ತು. ತಾನು ಬಗ್ಗಿದಾಗ ಜೊತೆಯಲ್ಲೇ ಬರಬೇಕೆಂದು ಹಟ ಹಿಡಿದು ಪಡೆದ ಪರೀಕ್ಷೆಯನ್ನು, ಬಗ್ಗುವ ಮುನ್ನ ಗೋಡೆಗೆ ತೂಗುಹಾಕಿದ. ಆ ದಿನದ ಮಟ್ಟಿಗೆ ಅದು ಬರೀ ಕೈಯ ಅಭ್ಯಾಸವೆಂದೇ ಹೇಳಬೇಕು.

ಎರಡನೆಯ ದಿನ ಮಧ್ಯಾಹ್ನ ಹೆಂಡತಿ ಊಟದ ಡಬ್ಬ ಹಿಡಿದು ಬಂದಳು. ಪರದೆ ಹೊಲಿಯುವುದು ಅವಳ ಕಸುಬು. ಯಾರ ಮನೆಗೆ ಹೋದರೂ ಕಣ್ಣು ಮೊದಲು ಕಿಟಕಿಗೆ ಹೋಗುತ್ತದೆ. ಹೋಯಿತು. ಮೊಳೆಯ ಮೇಲೆ ಗಂಡನ ಅಂಗಿ, ಅಂಗಿಯ ಕೆಳಗೆ ಏನೋ ಉಬ್ಬು. ಎತ್ತಿ ನೋಡಿದಳು.

‘ರೀ, ಡಾಕ್ಟ್ರು ಇದನ್ನ ಕೊಟ್ಟಿದ್ದು ನಿಮ್ಮ ಸೊಂಟಕ್ಕೋ, ಈ ಅಮ್ಮನ ಗೋಡೆಗೋ?’

‘ಬಗ್ಗಿದ್ರೆ ಟೈಲ್ಸಿಗೆ ತಗಲತ್ತೆ ಕಣೇ.’

‘ನಿನ್ನೆಯಿಂದ ಕುಂಯ್‌ಗುಡ್ತಾನೇ ಇತ್ತು ಅಕ್ಕ’ ಎಂದ ಭಾವಮೈದ, ಯಾರೂ ಕೇಳದಿದ್ದರೂ. ‘ಅದಕ್ಕೇ ಭಾವ ಇವತ್ತು ಅಂಗಿ ಹೊದಿಸಿ ಮಲಗಿಸಿದಾರೆ.’

‘ನೀನು ಸುಮ್ನಿರೋ.’ ಅವಳು ಗಂಡನ ಕಡೆ ತಿರುಗಿದಳು. ‘ಕೂಗಿದ್ದು ಕೇಳಿಸ್ತು. ಕೇಳಿಸಿದ ಮೇಲೆ ಅಂಗಿ ಯಾಕೆ ಹೊದಿಸಿದ್ರಿ?’

ಮೇಸ್ತ್ರಿ ಕರಣೆಯ ಗಾರೆಯನ್ನು ಬೆರಳಲ್ಲಿ ಕೆರೆಯುತ್ತ ಕೂತ. ಕೆರೆಯುತ್ತಲೇ ಹೇಳಿದ: ‘ಆ್ಯಸಿಡ್ ಅಲ್ಲ ಅಂತ ಬಂದ್ರೆ?’

‘ಬಂದ್ರೆ ಬರ್ಲಿ.’

‘ಆಗ ಅಪ್ಪಂದೇ ಅಂತಾಯ್ತಲ್ಲ. ಈಗ ಗೊತ್ತಿಲ್ಲ ಅಂತಾದ್ರೂ ಇದೆ.’

‘ಗೊತ್ತಿಲ್ಲ ಅನ್ನೋದನ್ನ ಕಟ್ಕೊಂಡು ಅಂಗಡಿ ಕುರ್ಚಿ ಮೇಲೆ ಕೂತ್ರೆ, ಅದೇನು ಇಲ್ಲೇ ಉಳ್ಕೊಳತ್ತಾ? ನಿಮ್ಮ ಜೊತೆಗೇ ಬಂದು ಪಕ್ಕದ ಕುರ್ಚಿ ಹಾಕ್ಕೊಂಡು ಕೂರತ್ತೆ.’

ಮನುಷ್ಯ ತನಗೆ ಬೇಕೆಂದು ಕೇಳಿದ ಉತ್ತರಕ್ಕೇ ಹೆದರುವುದನ್ನು ನಾನು ಬಹಳ ನೋಡಿದ್ದೇನೆ. ಓದಿದವರು ಅದಕ್ಕೆ ಒಳ್ಳೊಳ್ಳೆಯ ಕಾರಣ ಕೊಡುತ್ತಾರೆ. ಮೇಸ್ತ್ರಿ ಅಂಗಿ ಹೊದಿಸಿದ್ದ, ಅಷ್ಟೆ.

ಹೆಂಡತಿ ಮತ್ತೆ ವಾದಕ್ಕೆ ಇಳಿಯಲಿಲ್ಲ. ನನ್ನಿಂದ ದಪ್ಪ ದಾರ, ಸೂಜಿ ಕೇಳಿ ತೆಗೆದುಕೊಂಡು, ಗಂಡನ ಟವೆಲನ್ನೇ ಕತ್ತರಿಸಿ ಅಲ್ಲೇ ನೆಲದ ಮೇಲೆ ಕೂತು ಒಂದು ಚೀಲ ಹೊಲಿದಳು. ಡಬ್ಬಿಯನ್ನು ಅದರೊಳಗಿಟ್ಟು, ಎರಡು ಪಟ್ಟಿಗಳನ್ನು ಹೆಗಲ ಮೇಲಿಂದ ತಂದು ಬೆನ್ನಿಗೆ ಬಿಗಿದಳು. ಈಗ ಅದು ಟೈಲ್ಸಿಗೆ ತಗಲುವ ಹಾಗಿರಲಿಲ್ಲ. ಆದರೆ ಗುಂಡಿ ಮೇಸ್ತ್ರಿಯ ಕೈಗೂ ಎಟುಕುವ ಹಾಗಿರಲಿಲ್ಲ.

‘ನೀನು ಒತ್ತು’ ಎಂದಳು ತಮ್ಮನಿಗೆ. ‘ಅವ್ರು ಹೇಳಿದಾಗ ಮಾತ್ರ. ನಿನ್ನ ತಲೆ ಓಡಿಸಬೇಡ.’

ಅವನಿಗೆ ಅದು ದೊಡ್ಡ ಹುದ್ದೆಯಾಯಿತು. ಯಂತ್ರ ನಿಲ್ಲಿಸಿ ನಿಲ್ಲಿಸಿ ಭಾವನ ಮುಖ ನೋಡುತ್ತಿದ್ದ. ‘ಭಾವ, ಮುಖ ಹುಳ್ಳಗಾಯ್ತಲ್ಲ, ಒತ್ಲಾ?’

‘ಅದು ನೀನು ಕತ್ತರಿಸಿದ ಟೈಲ್ಸ್ ನೋಡಿ ಆಗಿದ್ದು. ಮುಟ್ಟಬೇಡ.’

ಅವತ್ತೂ ಮರುದಿನವೂ ನನ್ನ ಓದುವ ಕೋಣೆಗೆ ಆಗಾಗ ‘ಒತ್ತೋ!’ ಎಂಬ ಕೂಗು ಕೇಳಿಸುತ್ತಿತ್ತು. ಪುಸ್ತಕ ಮುಚ್ಚಿಟ್ಟೆ.

ಮೂರನೆಯ ದಿನ ಊಟವಾದ ಸ್ವಲ್ಪ ಹೊತ್ತಿಗೆ ಕೂಗು ಕೇಳಿಸಲಿಲ್ಲ, ಸುತ್ತಿಗೆಯ ಸದ್ದೂ ನಿಂತಿತು. ಎದ್ದು ಬಾಗಿಲಿಗೆ ಬಂದೆ. ಮೇಸ್ತ್ರಿ ಮಂಡಿಯೂರಿಕೊಂಡೇ ಇದ್ದ. ಒಂದು ಅಂಗೈ ಹಸಿ ಗಾರೆಯ ಮೇಲೆ ಊರಿತ್ತು. ಮುಖದಲ್ಲಿ ಬೆವರು. ಭಾವಮೈದ ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಂತಿದ್ದ.

‘ನೀರು ಆಮೇಲೆ’ ಎಂದ ಮೇಸ್ತ್ರಿ, ಹಲ್ಲು ಕಚ್ಚಿ. ‘ಮೊದಲು ಒತ್ತು.’

ಅವನು ಒತ್ತಿದ. ಮೇಸ್ತ್ರಿ ಹಾಗೆಯೇ ಕಾದ. ನಾವೂ ಕಾದೆವು. ಆಮೇಲೆ ನೀರು ಕುಡಿದು, ಗಾರೆಯಲ್ಲಿ ಮೂಡಿದ್ದ ಅಂಗೈ ಗುರುತನ್ನು ಒಮ್ಮೆ ನೋಡಿ, ಕರಣೆಯಿಂದ ಸವರಿ, ಅವಸರದಲ್ಲಿ ಟೈಲ್ಸ್ ಕೂರಿಸಿದ. ಅವತ್ತಿನ ಕೆಲಸ ಅಷ್ಟಕ್ಕೇ ನಿಂತಿತು. ನಾಲ್ಕನೆಯ ದಿನ ಡಬ್ಬಿ ಆಸ್ಪತ್ರೆಗೆ ಹೋಯಿತು.

ಅಲ್ಲಿ ಡಾಕ್ಟರು ಕಂಪ್ಯೂಟರ್ ಪರದೆಯ ಮೇಲೆ ಗೆರೆ ತೋರಿಸಿದರಂತೆ. ಮೊದಮೊದಲ ಕೆಲಸದ ಹೊತ್ತೆಲ್ಲ ಖಾಲಿ. ‘ಇಲ್ಲಿ ನೀವು ಎಲ್ಲಿದ್ರಿ?’ ಎಂದು ಕೇಳಿದರು. ‘ನಾನು ಕೆಲಸದಲ್ಲೇ ಇದ್ದೆ ಸಾರ್, ಡಬ್ಬಿ ರಜದಲ್ಲಿತ್ತು’ ಎಂದ ಮೇಸ್ತ್ರಿ. ಆಮೇಲಿನ ಗೆರೆಗಳಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಬಗ್ಗಿದಾಗ, ಅದರಲ್ಲೂ ಉಂಡು ಬಗ್ಗಿದಾಗ, ಆಮ್ಲ ನುಗ್ಗಿ ಮೇಲೇರುತ್ತಿತ್ತು. ಪಕ್ಕದಲ್ಲೇ ಗುಂಡಿಯ ಗುರುತು. ಎಲ್ಲಕ್ಕಿಂತ ದೊಡ್ಡದು ಮೂರನೆಯ ದಿನದ್ದು.

‘ಇದು ಹೃದಯ ಅಲ್ಲ. ಹೊಟ್ಟೆಯ ಮೇಲ್ಬಾಯಿ ಸಡಿಲ ಇದೆ, ಬಗ್ಗಿದ್ರೆ ತೆರ್ಕೊಳತ್ತೆ. ಮಾತ್ರೆ ತಗೊಳೋ ಹೊತ್ತು ಬದಲಾಯಿಸೋಣ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಆಪರೇಷನ್ ಇದೆ. ಉಂಡ ತಕ್ಷಣ ಮಂಡಿಯೂರಬೇಡಿ.’

‘ನಮ್ಮಪ್ಪಂಗೂ ಇದೇ ಇತ್ತಾ ಸಾರ್?’

‘ಅದನ್ನ ನಾನು ಹೇಳಕ್ಕಾಗಲ್ಲ. ನಿಮ್ಮದನ್ನ ಹೇಳಬಲ್ಲೆ.’

ಡಾಕ್ಟರು ಹಾಗೆ ಹೇಳಿದ್ದು ನನಗೆ ಸರಿಯೆನಿಸಿತು. ಗೊತ್ತಿಲ್ಲದ್ದನ್ನು ಸಮಾಧಾನಕ್ಕಾಗಿ ಹೇಳುವವರು ಬೇಕಾದಷ್ಟಿದ್ದಾರೆ. ಮೇಸ್ತ್ರಿ ವಾಪಸು ಬರುವಾಗ ಟೈಲ್ಸ್ ಅಂಗಡಿಯ ಮುಂದೆ ಬಸ್ಸಿನಿಂದ ಇಳಿದು, ಒಳಗೆ ಹೋಗಿ, ಆಗಲ್ಲವೆಂದು ಹೇಳಿ ಬಂದ. ಇದರಿಂದ ನಿರಾಶೆಯಾದದ್ದು ಭಾವಮೈದನಿಗೆ ಮಾತ್ರ. ಭಾವ ಕುರ್ಚಿ ಏರಿದರೆ ತಾನು ಮೇಸ್ತ್ರಿಯಾಗುವ ಲೆಕ್ಕದಲ್ಲಿದ್ದ.

ಈಗ ಅವರ ಕೆಲಸದ ಕ್ರಮ ಬೇರೆ. ಊಟಕ್ಕೆ ಮುಂಚೆ ನೆಲ, ಊಟವಾದ ಮೇಲೆ ನಿಂತು ಮಾಡುವ ಗೋಡೆ ಕೆಲಸ. ನಮ್ಮ ಮನೆಗೆ ಕೊನೆಯ ಸಲ ಬಂದದ್ದು ಬೆಳಿಗ್ಗೆ. ಗಡಿಯಾರ, ಫೋನು, ಬೆಲ್ಟು ಮೊಳೆಗೆ ಹೋದವು. ಮೇಸ್ತ್ರಿ ಮಂಡಿಯೂರಿ ಒಂದೊಂದೇ ಟೈಲ್ಸನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದ. ಒಂದು ಕಡೆ ಸದ್ದು ಟೊಳ್ಳಾಗಿ ಬಂತು. ಮೂರನೆಯ ದಿನ ಕೂರಿಸಿದ್ದು.

‘ಇದನ್ನ ಹಾಕುವಾಗ ನಾನು ಇಲ್ಲಿರ್ಲಿಲ್ಲಮ್ಮ’ ಎಂದು ನನಗೆ ಹೇಳಿ, ಅದನ್ನು ಕಿತ್ತು, ಕೆಳಗಿನ ಗಾರೆಯನ್ನೆಲ್ಲ ಕೆರೆದು ತೆಗೆದು, ಹೊಸದು ಹರಡಿ ಬಗ್ಗಿದ. ಬಗ್ಗಿದವನು ಒಮ್ಮೆ ಎದೆ ಹಿಡಿದು ಹುಳಿತೇಗು ತೇಗಿದ. ಭಾವಮೈದನ ಕೈ ಅಭ್ಯಾಸಬಲದಿಂದ ಭಾವನ ಬೆನ್ನಿಗೆ ಹೋಯಿತು.

‘ಏನನ್ನೋ ಒತ್ತೋದು?’ ಎಂದ ಮೇಸ್ತ್ರಿ, ತಲೆಯೆತ್ತದೆ. ‘ಸುತ್ತಿಗೆ ಕೊಡು.’