ಮಲಯಾಳಕ್ಕೆ ಹೋದ ಮೂರನೇ ನಿಯಮ

ಗೆಳೆಯರೇ, ಕೊಚ್ಚಿಯ ನಮ್ಮ ಕನ್ನಡಿಗರ ಸಹಕಾರ ಸಂಘವನ್ನು ಹೊಸ ಕಾನೂನಿನಡಿ ಮರುನೋಂದಣಿ ಮಾಡಿಸಲು ಇವತ್ತು ತಿರುವನಂತಪುರದ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಅಭಿನಂದನೆ ಹೇಳುವ ಮುಂಚೆ ಪೂರ್ತಿ ಓದಿ.

ಬೈಲಾ ಮಲಯಾಳದಲ್ಲೇ ಬೇಕು, ಅದೂ ನಾಲ್ಕು ಗಂಟೆಯೊಳಗೆ ಎಂದರು ಗುಮಾಸ್ತರು. ಇಂಗ್ಲಿಷ್ ಪ್ರತಿ ಎಂದೋ ಗೆದ್ದಲಿನ ಪಾಲಾಗಿತ್ತು. ಕೈಯಲ್ಲಿದ್ದದ್ದು ಸಂಘ ಕಟ್ಟಿದ ಶೇಷಗಿರಿ ಸಾಯುವ ಮುಂಚೆ ಕನ್ನಡದಲ್ಲಿ ಬರೆದಿಟ್ಟ ಪ್ರತಿಯೊಂದೇ. ಜೊತೆಗೆ ಬಂದಿದ್ದ ಅವನ ಮಗಳು ಸುಮಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ನನಗೆ ಮಲಯಾಳದ ಅಕ್ಷರ ಬಾರದು. ವರಾಂಡದ ಬೆಂಚಿನಲ್ಲಿ ಕೂತು ನಾನು ಓದಿದೆ, ಅವಳು ಕಾರ್ಬನ್ ಇಟ್ಟು ಬರೆದಳು.

ಮೂರನೇ ನಿಯಮ ಬಂತು: "ಸದಸ್ಯರ ಮಕ್ಕಳಿಗೆ ಪ್ರತಿ ಭಾನುವಾರ ಕನ್ನಡ ಓದುಬರಹ ಕಲಿಸತಕ್ಕದ್ದು."

ಸುಮಾಳ ಪೆನ್ನು ನಿಂತಿತು. "ಅಂಕಲ್, ಇದು ನಡನ್ನೋ?" ಇದು ನಡೆಯಿತೇ ಎಂದು ಕೇಳುತ್ತಿದ್ದಳು.

"ಇಲ್ಲಮ್ಮ. ನಿಮ್ಮಪ್ಪ ನನಗೇ ಒಪ್ಪಿಸಿದ್ದ. ಮೂರು ವಾರ ಕಲಿಸಿದೆ. ಆಮೇಲೆ ಭಾನುವಾರದ ನಿದ್ದೆಯೇ ಹೆಚ್ಚಾಯ್ತು."

ನಡೆಯದ ನಿಯಮವನ್ನೂ ಬರೆಯಬೇಕೇ ಎಂದು ಕಿಟಕಿಯಲ್ಲಿ ವಿಚಾರಿಸಿದೆ. "ನಡಕ್ಕಾತ್ತದು ವೆಟ್ಟಿಕ್ಕೋ ಸಾರೇ," ಎಂದರು ಗುಮಾಸ್ತರು. ನಡೆಯದ್ದನ್ನು ಹೊಡೆದುಹಾಕಿ ಅಂತ.

ಸುಮಾ ಹೊಡೆದುಹಾಕಲಿಲ್ಲ. ಆ ಸಾಲು ಯಾವುದೆಂದು ನನ್ನಿಂದ ತೋರಿಸಿಕೊಂಡಳು. ಅಪ್ಪನ ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿದಳು. ಮತ್ತೆ ಅದನ್ನು ದುಂಡು ಮಲಯಾಳದಲ್ಲಿ ಬರೆದಳು.

ಈಗ ತಂಪಾನೂರು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ಆ ಹಾಳೆಯ ಕಾರ್ಬನ್ ಪ್ರತಿಯನ್ನೇ ನೋಡುತ್ತಿದ್ದೇನೆ. ನಮ್ಮ ಮಕ್ಕಳಿಗೆ ಕನ್ನಡ ಕಲಿಸಬೇಕೆಂಬ ನಿಯಮವನ್ನು ಇನ್ನು ನಮ್ಮ ಮಕ್ಕಳೆಲ್ಲ ಓದಬಲ್ಲರು. ಓದಲು ಬಾರದವನು ನಾನೊಬ್ಬನೇ.