ಕುದ್ರುವಿನಲ್ಲಿ ಉಳಿದ ಬುತ್ತಿ

ನಿವೃತ್ತಳಾದ ಮೇಲೂ ನನ್ನ ದಿನ ಆಸ್ಪತ್ರೆಯ ಗಂಟೆಗೇ ನಡೆಯುತ್ತದೆ. ಫಳ್ನೀರಿನ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳಿಗೆ ಬೇರೆ ರೀತಿ ಬದುಕಲು ಬಾರದು. ತಮ್ಮನಿಗೆ ಗಾಳಿ, ನೀರಿನ ಏರಿಳಿತಗಳೇ ಗಡಿಯಾರ. ಮೀನುಗಾರಿಕೆ ಬಿಟ್ಟ ಮೇಲೆ ಅವನು ಹಳೆಯ ದೋಣಿಗೆ ಹಾಯಿ ಕಟ್ಟಿದ. ನೇತ್ರಾವತಿಯ ನಡುವಿನ ಕುದ್ರುಗಳೆಂಬ ಪುಟ್ಟ ದ್ವೀಪಗಳನ್ನು ಒಂದೊಂದಾಗಿ ಇಳಿದು ನೋಡುವುದು ಅವನ ಹೊಸ ಹುಚ್ಚು. ಕಳೆದ ಡಿಸೆಂಬರಿನಲ್ಲಿ ನನ್ನನ್ನೂ ಕರೆದ.

ಮೊದಲ ಕುದ್ರುವಿನಲ್ಲಿ ಒಡೆದ ಬಾವಿಕಟ್ಟೆ, ಒಣಗಲು ಹರಡಿದ ಬಲೆ, ತೆಂಗಿನ ನೆರಳು. ಸುತ್ತಾಡಿ ಬಂದು ಊಟಕ್ಕೆ ಕೂತೆವು. ತಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಚುಚ್ಚಿಕೊಂಡ. ನಾನು ಬುತ್ತಿ ಬಿಚ್ಚುವಷ್ಟರಲ್ಲಿ ಗಾಳಿ ಎದ್ದಿತು.

“ಅಕ್ಕ, ಬೇಗ ಹತ್ತಿ! ಈ ಗಾಳಿ ಮತ್ತೆ ಸಿಗ್ಲಿಕ್ಕಿಲ್ಲ. ದೋಣಿಯಲ್ಲೇ ಉಣ್ಣುವ.”

ಅವನು ಬುತ್ತಿಯ ಚೀಲ ತಂದನೆಂದು ನಾನು, ನಾನು ತಂದೆನೆಂದು ಅವನು. ಹೊಳೆಯ ನಡುವೆ ನೋಡಿದರೆ ಚೀಲವಿಲ್ಲ; ತೆಂಗಿನ ಬುಡದಲ್ಲೇ ಉಳಿದಿತ್ತು. ತಿನ್ನುವುದೆಲ್ಲ ಒಂದೇ ಕಡೆ ಇರಬೇಕೆಂಬುದು ನನ್ನ ಶಿಸ್ತು. ಗ್ಲೂಕೋಸ್ ಪೊಟ್ಟಣವೂ ಅದರಲ್ಲೇ.

“ದೋಣಿ ತಿರುಗಿಸು.”

“ದೋಣಿ ಹೊರಟ ಮೇಲೆ ಮರೆತ ವಸ್ತುವಿಗೆ ಹಿಂದೆ ಹೋಗ್ಲಿಕ್ಕಿಲ್ಲ. ಅಪ್ಪ ಒಂದು ದಿನ ತಿರುಗಿಸಿದ್ದುಂಟಾ?”

“ಅಪ್ಪನಿಗೆ ಶುಗರ್ ಇರ್ಲಿಲ್ಲ ಮಾರಾಯ!”

“ಇದು ನಿಮ್ಮ ವಾರ್ಡ್ ಅಲ್ಲ, ಅಕ್ಕ,” ಎಂದು ನಕ್ಕ.

ಅಷ್ಟರಲ್ಲಿ ಗಾಳಿ ನಿಂತಿತು, ಹಾಯಿ ಜೋತುಬಿತ್ತು. ಅವನು ಹುಟ್ಟು ಹಾಕತೊಡಗಿದ. ಹಣೆಯಲ್ಲಿ ತಣ್ಣನೆಯ ಬೆವರು, ಬೆರಳುಗಳಲ್ಲಿ ನಡುಕ. ಏನು ಕೇಳಿದರೂ “ಎಂತ? ಎಂತ?” ಎಂದು ಸಿಡುಕಿದ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದವನ ರಕ್ತದಲ್ಲಿ ಸಕ್ಕರೆ ಇಳಿಯುತ್ತಿತ್ತು. ಮುಂದೇನೆಂದು ನನಗೆ ಗೊತ್ತಿತ್ತು: ಮಾತು ತೊದಲುತ್ತದೆ, ಪ್ರಜ್ಞೆ ಹೋಗುತ್ತದೆ. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಹುಟ್ಟು ಕಿತ್ತುಕೊಂಡೆ. ಎದುರಿನ ಕುದ್ರುವಿನಲ್ಲಿ ಹಂಚಿನ ಮನೆಯೊಂದು ಕಾಣುತ್ತಿತ್ತು. ಅದನ್ನೇ ನೋಡುತ್ತ ದೋಣಿ ನಡೆಸಿದೆ.

ಕೆಸರಿಗೆ ಇಳಿದು, ಸೀರೆ ಎತ್ತಿ ಕಟ್ಟಿ ಅಂಗಳ ಸೇರಿದೆ. ಮನೆಯ ಹೆಂಗಸು ಯಾರು, ಎಲ್ಲಿಂದ ಎಂದು ಕೇಳಲಿಲ್ಲ. ಬಂದವರಿಗೆ ಕೊಡುವಂತೆ ಬೆಲ್ಲ, ನೀರು ತಂದಿಟ್ಟಳು. ನಾನು ಬೆಲ್ಲ ಬಾಚಿಕೊಂಡು ದೋಣಿಯತ್ತ ಓಡಿದೆ.

“ಅಯ್ಯೋ, ಕೂತು ತಿನ್ನಿ ಮಾರಾಯ್ರೆ!” ಎನ್ನುತ್ತ ಅವಳೂ ಚೊಂಬು ಹಿಡಿದು ಹಿಂದೆ ಬಂದಳು.

ತಮ್ಮನ ಕಣ್ಣು ಅರ್ಧ ಮುಚ್ಚಿತ್ತು.

“ನುಂಗು.”

“ಎಂ... ತ?”

“ಬೆಲ್ಲ. ನುಂಗು ಅಂದೆ.”

ವಾರ್ಡಿನ ದನಿ ತಾನಾಗಿ ಬಂತು. ನುಂಗಿದ. ಇನ್ನೊಂದು ಚೂರು ಕೊಟ್ಟು, ನಾಡಿ ಹಿಡಿದು ಕೆಸರಿನಲ್ಲೇ ನಿಂತೆ. ನಿಧಾನವಾಗಿ ಬೆವರು ಆರಿತು, ಕಣ್ಣು ನನ್ನ ಮುಖವನ್ನು ಗುರುತಿಸಿತು. ಹೆಂಗಸು ಅವನನ್ನು ಅಂಗಳಕ್ಕೆ ಕರೆದೊಯ್ದು ಗಂಜಿ ಬಡಿಸಿದಳು.

ಉಂಡು ಎದ್ದವನೇ, “ಇನ್ನು ಚೀಲ ತರುವ,” ಎಂದ.

“ಹಿಂದೆ ಹೋಗ್ಲಿಕ್ಕಿಲ್ಲ ಅಂದಿಯಲ್ಲ?”

“ಕಾಲು ನೆಲಕ್ಕೆ ತಾಗಿತಲ್ಲ. ಇನ್ನು ಹೊರಟರೆ ಅದು ಹೊಸ ಪ್ರಯಾಣ.”

“ಹಾಗಾದ್ರೆ ಆಗಲೇ ಯಾವುದಾದ್ರೂ ದಂಡೆಗೆ ಕಾಲು ತಾಗಿಸಿ ತಿರುಗ್ಬಹುದಿತ್ತಲ್ಲ!”

ಅವನು ಹಾಯಿಯ ಹಗ್ಗ ಬಿಚ್ಚುವುದರಲ್ಲಿ ಮಗ್ನನಾದ. ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಈಗಲೂ ಹೋಗುತ್ತೇವೆ. ಗ್ಲೂಕೋಸ್ ಅವನ ಅಂಗಿಯ ಜೇಬಿನಲ್ಲಿರುತ್ತದೆ. ಅವನು ಹುಟ್ಟು ಮುಟ್ಟುವ ಮೊದಲು ನಾನು ಆ ಜೇಬನ್ನು ಮುಟ್ಟಿ ನೋಡುತ್ತೇನೆ.